ಹೊಳೆ ಬಂದ ವರುಷಗಳು: ಕೊಲ್ಹಾಪುರ, ಇಚಲಕರಂಜಿ ಹಾಗೂ ಗಡಹಿಂಗ್ಲಜಗಳಲ್ಲಿ ಮಹಾಪೂರದ ನೆನಪು

1. ಪೀಠಿಕೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ತನ್ನ ಪ್ರಜೆಗಳಿಗೆ ಒದಗಿದ ವಿಪತ್ತನ್ನು ನಿವಾರಿಸುವುದಕ್ಕಾಗಿ ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಅರ್ಪಿಸಿದನೆಂದು ಶಕವರ್ಷ 793ರ, ಅಂದರೆ ಕ್ರಿ.ಶ. 871ರ ಸಂಜಾನ ತಾಮ್ರಪಟಗಳು ಹೇಳುತ್ತವೆ. ಆ ಮಹಾಲಕ್ಷ್ಮಿಯು ಕರವೀರದ, ಎಂದರೆ ಇಂದಿನ ಕೊಲ್ಹಾಪುರದ ಅಧಿದೇವತೆಯೆಂದು ಅನೇಕ ವಿದ್ವಾಂಸರು ಒಪ್ಪಿದ್ದಾರೆ. ಕನ್ನಡ ನಾಡಿನ ಅರಸನೊಬ್ಬನ ತ್ಯಾಗವನ್ನು ಕೊಂಡಾಡುವಾಗ ನಾವು ಈ ಪ್ರಸಂಗವನ್ನು ಮರೆಯದೆ ಉಲ್ಲೇಖಿಸುತ್ತೇವೆ. ಆದರೆ ಆ ವಿಪತ್ತು ಯಾವುದು, ಅದು ಕ್ಷಾಮವೋ ರೋಗವೋ ಪ್ರವಾಹವೋ, ಯಾವ ಊರಿನ ಯಾರಿಗೆ ಒದಗಿತು ಎಂಬುದನ್ನು ತಾಮ್ರಪಟವು ತಿಳಿಸುವುದಿಲ್ಲ. ಅರಸನ ಬೆರಳು ದಾಖಲೆಯಲ್ಲಿ ಉಳಿಯಿತು. ಜನರ ಸಂಕಟ ಉಳಿಯಲಿಲ್ಲ.

ಕೊಲ್ಹಾಪುರ ಸೀಮೆಯ ವಿಪತ್ತುಗಳ ಇತಿಹಾಸವನ್ನು ಬರೆಯಹೊರಟವರಿಗೆ ಈ ಕೊರತೆ ಇಂದಿಗೂ ಎದುರಾಗುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ಪಂಚಗಂಗೆ, ಕೃಷ್ಣೆ, ದೂಧಗಂಗೆ ಹಾಗೂ ಹಿರಣ್ಯಕೇಶಿ ನದಿಗಳು ದಡ ಮೀರಿ ಹರಿದ ವರುಷಗಳು ಹಲವು. ನೀರಿನ ಮಟ್ಟ, ಬಿಡುಗಡೆಯಾದ ಕ್ಯೂಸೆಕ್ಕುಗಳು, ಮುಚ್ಚಿದ ರಸ್ತೆಗಳು ಸರಕಾರಿ ಕಡತಗಳಲ್ಲಿವೆ. ನದಿಯ ಎರಡು ದಡಗಳಲ್ಲೂ ಎರಡು ಭಾಷೆಗಳಲ್ಲೂ ಬದುಕಿದ ಜನರು ಆ ದಿನಗಳನ್ನು ಹೇಗೆ ಕಂಡರು, ಯಾವ ಮಾತಿನಲ್ಲಿ ನೆನಪಿಟ್ಟುಕೊಂಡರು, ಆ ನೆನಪು ಮುಂದಿನ ಪೂರದಲ್ಲಿ ಅವರನ್ನು ಕಾಯಿತೇ ಇಲ್ಲವೇ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಈ ಲೇಖನವು 2005ರ ಮಹಾಪೂರವನ್ನು ನಡುವಿಟ್ಟುಕೊಂಡು ಅದರ ಹಿಂದುಮುಂದಿನ ವರುಷಗಳನ್ನು ಪರಿಶೀಲಿಸುತ್ತ, ಈ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ.

2. ನದಿಗಳು ಮತ್ತು ಹೆಸರುಗಳು

ಕಾಸಾರಿ, ಕುಂಭಿ, ತುಳಶಿ, ಭೋಗಾವತಿ ಎಂಬ ನಾಲ್ಕು ನದಿಗಳು ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುತ್ತವೆ. ಗುಪ್ತವಾಗಿ ಹರಿಯುವಳೆಂದು ನಂಬಲಾದ ಸರಸ್ವತಿಯನ್ನು ಸೇರಿಸಿ ಅವು ಐದಾಗುತ್ತವೆ. ಕೊಲ್ಹಾಪುರದ ಸಮೀಪದ ಪ್ರಯಾಗ ಚಿಖಲಿಯಲ್ಲಿ ಇವು ಕೂಡಿದ ಮೇಲೆ ನದಿಗೆ ಪಂಚಗಂಗೆ ಎಂಬ ಹೆಸರು. ಅಲ್ಲಿಂದ ನಗರದ ಅಂಚನ್ನು ತೊಳೆಯುತ್ತ, ಇಚಲಕರಂಜಿಯನ್ನು ಹಾದು, ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಕ್ಷಿಣಕ್ಕೆ ದೂಧಗಂಗೆ ಮತ್ತು ವೇದಗಂಗೆಗಳು ಕಾಗಲ ಹಾಗೂ ನಿಪ್ಪಾಣಿ ಸೀಮೆಯನ್ನು ಹಾದು ಕೃಷ್ಣೆಗೆ ಹೋಗುತ್ತವೆ. ಇನ್ನೂ ದಕ್ಷಿಣದಲ್ಲಿ ಅಂಬೋಲಿಯ ಬೆಟ್ಟಗಳಿಂದ ಇಳಿಯುವ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ ಘಟಪ್ರಭೆಯಲ್ಲಿ ಲೀನವಾಗುತ್ತದೆ. ಈ ಎಲ್ಲ ನೀರು ಕೊನೆಗೆ ಕರ್ನಾಟಕದೊಳಕ್ಕೆ ಹರಿಯುವುದು. 1956ರ ಗಡಿರೇಖೆಯನ್ನು ನದಿಗಳು ಹಲವು ಕಡೆ ದಾಟುತ್ತವೆ, ಕೆಲವು ಕಡೆ ಅವೇ ಗಡಿಯಾಗುತ್ತವೆ.

ಈ ಸೀಮೆಯ ಹಳೆಯ ಹೆಸರುಗಳಲ್ಲಿ ನೀರಿನ ಕನ್ನಡ ಉಳಿದಿದೆ. ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿರುವ, 13ನೆಯ ಶತಮಾನದ ಆರಂಭಕ್ಕೆ ಸೇರಿದ ಸೇವುಣ ಅರಸ ಸಿಂಘಣನ ಶಾಸನವು ಕೂಡಲದಾಮವಾಡವೆಂಬ ಗ್ರಾಮದ ದಾನವನ್ನು ಹೇಳುತ್ತದೆ. ಈ ಗ್ರಾಮವನ್ನು ವಿದ್ವಾಂಸರು ಇಂದಿನ ಕುರುಂದವಾಡವೆಂದು ಗುರುತಿಸಿದ್ದಾರೆ. ‘ಕೂಡಲ’ ಎಂದರೆ ನದಿಗಳು ಕೂಡುವ ತಾಣ. ಕೂಡಲಸಂಗಮದಲ್ಲಿರುವ ಮಾತೇ ಇಲ್ಲಿಯೂ ಇದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಹೊರತಂದು, ಈ ನೆಲದ ಕಲ್ಲುಗಳಲ್ಲಿ ಕನ್ನಡ ಎಷ್ಟು ದಟ್ಟವಾಗಿದೆಯೆಂಬುದನ್ನು ತೋರಿಸಿಕೊಟ್ಟರು. ಆದರೆ ಶಾಸನಗಳು ದಾನವನ್ನು ಹೇಳುತ್ತವೆ, ಗಡಿಯನ್ನು ಹೇಳುತ್ತವೆ. ನೀರು ಎಲ್ಲಿಯವರೆಗೆ ಏರಿತೆಂಬುದನ್ನು ಹೇಳುವುದು ಅವುಗಳ ಕೆಲಸವಾಗಿರಲಿಲ್ಲ.

ನೀರಿನ ಭಯಕ್ಕೆ ಸಾಕ್ಷಿ ನೆಲದ ಬಳಕೆಯಲ್ಲಿದೆ. ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ 1945–46ರಲ್ಲಿ ಎಚ್. ಡಿ. ಸಾಂಕಲಿಯಾ ಮತ್ತು ಎಂ. ಜಿ. ದೀಕ್ಷಿತ ಅವರು ನಡೆಸಿದ ಉತ್ಖನನವು ಶಾತವಾಹನರ ಕಾಲದ ಜನವಸತಿಯನ್ನು ಬೆಳಕಿಗೆ ತಂದಿತು. ರೋಮನ್ ಜಗತ್ತಿನಿಂದ ಬಂದ ಸಮುದ್ರದೇವತೆಯ ಕಂಚಿನ ಪ್ರತಿಮೆಯೂ ಈ ದಿಬ್ಬದಲ್ಲೇ ದೊರೆತದ್ದು. ನದಿಯ ವ್ಯಾಪಾರ ಬೇಕಾಗಿದ್ದ ಜನ ನದಿಗೆ ಹತ್ತಿರವಿದ್ದೂ ದಿಬ್ಬದ ಮೇಲೆ ನೆಲೆಸಿದ್ದರು. ನದಿಪಾತ್ರದ ಹಳೆಯ ಹಳ್ಳಿಗಳಲ್ಲಿಯೂ ಗುಡಿ, ಗೌಡರ ವಾಡೆ ಎತ್ತರದಲ್ಲಿ, ಗದ್ದೆ ತಗ್ಗಿನಲ್ಲಿ ಇರುವ ಕ್ರಮವನ್ನು ಸಾಮಾನ್ಯವಾಗಿ ಕಾಣಬಹುದು. ಈ ಕ್ರಮವನ್ನು ಮುರಿದದ್ದು 20ನೆಯ ಶತಮಾನದ ನಗರ.

3. ನಡುಗಿದ ನೆಲ, ಏರಿದ ನೀರು

ಈ ಭಾಗದ ಹಿರಿಯರ ನೆನಪಿನಲ್ಲಿ ಎರಡು ಬಗೆಯ ವಿಪತ್ತುಗಳಿವೆ. ಒಂದು 1967ರ ಡಿಸೆಂಬರ್ 11ರ ನಸುಕಿನದು. ಸಾತಾರಾ ಜಿಲ್ಲೆಯ ಕೊಯ್ನಾನಗರದ ಬಳಿ ಸಂಭವಿಸಿದ ಆ ಭೂಕಂಪದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಮಡಿದರು, ಸಾವಿರಾರು ಮನೆಗಳು ಕುಸಿದವು. ಕೊಯ್ನಾ ವಿದ್ಯುತ್ತು ನಿಂತು ಮುಂಬಯಿಯ ಕಾರ್ಖಾನೆಗಳೂ ಸ್ತಬ್ಧವಾದವು. ಕೊಲ್ಹಾಪುರ, ಬೆಳಗಾವಿಗಳಲ್ಲಿ ಜನ ನಿದ್ದೆಯಿಂದೆದ್ದು ಬೀದಿಗೆ ಬಂದರು. 1962ರಿಂದ ನೀರು ತುಂಬತೊಡಗಿದ ಶಿವಾಜಿಸಾಗರ ಜಲಾಶಯಕ್ಕೂ ಆ ಕಂಪನಕ್ಕೂ ಸಂಬಂಧವಿದೆಯೆಂಬ ಚರ್ಚೆ ಜಗತ್ತಿನ ಭೂವಿಜ್ಞಾನಿಗಳ ಗಮನವನ್ನು ಸೆಳೆಯಿತು. ಇಂದು ಕೊಯ್ನಾ, ಜಲಾಶಯದಿಂದ ಪ್ರಚೋದಿತವಾದ ಭೂಕಂಪಕ್ಕೆ ಪಠ್ಯಪುಸ್ತಕಗಳ ಉದಾಹರಣೆಯಾಗಿದೆ.

ಭೂಕಂಪದ ನೆನಪು ಒಂದು ಕ್ಷಣಕ್ಕೆ ಅಂಟಿಕೊಂಡದ್ದು. ಯಾರು ಎಲ್ಲಿ ಮಲಗಿದ್ದರು, ಯಾವ ಪಾತ್ರೆ ನಾಗೊಂದಿಗೆಯಿಂದ ಬಿತ್ತು ಎಂಬ ವಿವರಗಳಲ್ಲಿ ಅದು ಉಳಿಯುತ್ತದೆ. ಹೊಳೆಯ ನೆನಪಿನ ಬಗೆ ಬೇರೆ. ಹೊಳೆ ದಿನಗಟ್ಟಲೆ ಏರುತ್ತದೆ. ಜನ ನಿಂತು ನೋಡುತ್ತಾರೆ, ಅಳೆಯುತ್ತಾರೆ, ಇಷ್ಟಕ್ಕೇ ನಿಂತೀತೆಂದು ಲೆಕ್ಕ ಹಾಕುತ್ತಾರೆ. ಹೊಳೆಯ ನೆನಪಿನಲ್ಲಿ ಹೀಗೆ ಯಾವಾಗಲೂ ಒಂದು ಅಳತೆ ಸೇರಿಕೊಂಡಿರುತ್ತದೆ: ಯಾವ ಮೆಟ್ಟಿಲು, ಯಾವ ಕಿಟಕಿ, ಯಾವ ಗುಡಿಯ ಯಾವ ಕಂಬ. ಈ ಅಳತೆಯೇ ಮುಂದಿನ ಪೂರದಲ್ಲಿ ಜನರ ನಿರ್ಧಾರವನ್ನು ರೂಪಿಸುತ್ತದೆ. ಮುಂದಿನ ಚರ್ಚೆಗೆ ಈ ಅಂಶ ಮುಖ್ಯ.

4. ಅಡಿ ಮತ್ತು ಅಂಗುಲ

ಕೊಲ್ಹಾಪುರದ ಕಸಬಾ ಬಾವಡಾದ ಬಳಿ ಪಂಚಗಂಗೆಗೆ ಕಟ್ಟಿರುವ ರಾಜಾರಾಮ ಬಂಧಾರಾ ಈ ಸೀಮೆಯ ಪೂರದ ಅಳತೆಗೋಲು. ಅಲ್ಲಿ ನೀರು 39 ಅಡಿ ಮುಟ್ಟಿದರೆ ಎಚ್ಚರಿಕೆಯ ಮಟ್ಟ, 43 ಅಡಿ ಮುಟ್ಟಿದರೆ ಅಪಾಯದ ಮಟ್ಟ. ಮಳೆಗಾಲದಲ್ಲಿ ಚಹಾದಂಗಡಿಯಿಂದ ಹಿಡಿದು ಕಚೇರಿಯವರೆಗೆ ಜನ ಈ ಎರಡು ಸಂಖ್ಯೆಗಳ ನಡುವೆಯೇ ಮಾತಾಡುತ್ತಾರೆ. ಮೀಟರುಗಳು ಬಂದು ದಶಕಗಳಾದರೂ ಪಂಚಗಂಗೆ ಇನ್ನೂ ಅಡಿ-ಅಂಗುಲಗಳಲ್ಲಿಯೇ ಏರುತ್ತಾಳೆ.

ಬಂಧಾರಾ ಎಂಬುದರ ಸ್ವರೂಪವನ್ನೂ ಇಲ್ಲಿ ಹೇಳಬೇಕು. ಸಾಲಾಗಿ ನಿಂತ ಕಂಬಗಳ ನಡುವೆ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವುದು, ಮಳೆಗಾಲಕ್ಕೆ ಮುನ್ನ ಹಲಗೆಗಳನ್ನು ತೆಗೆದು ಹೊಳೆಗೆ ದಾರಿ ಬಿಡುವುದು ಈ ರಚನೆಯ ಗುಟ್ಟು. ಇದಕ್ಕೆ ಕೊಲ್ಹಾಪುರ ಮಾದರಿಯ ಬಂಧಾರಾ ಎಂದೇ ದೇಶದ ನೀರಾವರಿ ಇಲಾಖೆಗಳಲ್ಲಿ ಹೆಸರು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ‘ಬಾಂದಾರ’ ಎಂದು ಕರೆಯುವುದು ಇದನ್ನೇ. ಇದರ ಮೇಲಿನ ಕಿರಿದಾದ ದಾರಿಯೇ ಅನೇಕ ಹಳ್ಳಿಗಳಿಗೆ ಸೇತುವೆ. ಮಲಿಕವಾಡ–ದತ್ತವಾಡ, ಕಲ್ಲೋಳ–ಯಡೂರು, ಕಾರದಗಾ–ಭೋಜ ಮೊದಲಾದ ಕಿರುಸೇತುವೆಗಳು ಪ್ರತಿ ಮಳೆಗಾಲದಲ್ಲಿ ಮುಳುಗುತ್ತವೆ. ಇವುಗಳಲ್ಲಿ ಮಲಿಕವಾಡ–ದತ್ತವಾಡದ ಒಂದು ತುದಿ ಕರ್ನಾಟಕದಲ್ಲಿ, ಇನ್ನೊಂದು ತುದಿ ಮಹಾರಾಷ್ಟ್ರದಲ್ಲಿ. ಸೇತುವೆ ಮುಳುಗಿದ ದಿನ ತವರುಮನೆಯೂ ಅತ್ತೆಮನೆಯೂ ಬೇರೆ ಬೇರೆ ರಾಜ್ಯಗಳಾಗುತ್ತವೆ. ಉಳಿದ ದಿನಗಳಲ್ಲಿ ಅವು ಎರಡು ದಡಗಳು ಮಾತ್ರ.

ಅಳತೆಯ ಇನ್ನೊಂದು ಕೊನೆ ರಾಧಾನಗರಿ. ಶಾಹೂ ಛತ್ರಪತಿಗಳು 20ನೆಯ ಶತಮಾನದ ಮೊದಲ ದಶಕದಲ್ಲಿ ಭೋಗಾವತಿಗೆ ಅಡ್ಡಲಾಗಿ ಕೈಗೆತ್ತಿಕೊಂಡ ಈ ಅಣೆಕಟ್ಟು ಅವರ ಕಾಲಾನಂತರ ಪೂರ್ಣಗೊಂಡಿತು. ಸುಮಾರು 8.36 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ 7 ಸ್ವಯಂಚಾಲಿತ ಬಾಗಿಲುಗಳಿವೆ. ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಅವು ತಾವಾಗಿಯೇ ತೆರೆಯುತ್ತವೆ. ಎಷ್ಟು ಬಾಗಿಲು ತೆರೆದವೆಂಬ ಸುದ್ದಿ ಕೆಳಗಿನ ಊರುಗಳಿಗೆ ಬಾಯಿಂದ ಬಾಯಿಗೆ ಹರಡುತ್ತದೆ. ಬರದ ನಾಡಿಗೆ ನೀರು ಕೊಡಲೆಂದು ದೂರದೃಷ್ಟಿಯ ಅರಸನೊಬ್ಬ ಕಟ್ಟಿದ ಅಣೆಯು ಮಳೆಗಾಲದಲ್ಲಿ ಆತಂಕದ ಗಡಿಯಾರವೂ ಆಗಿದೆ.

5. 2005

1989ರ ಪೂರವನ್ನು ಕೊಲ್ಹಾಪುರದ ಹಿರಿಯರು ಬಹುಕಾಲ ಮೇರೆಯಾಗಿ ಇಟ್ಟುಕೊಂಡಿದ್ದರು. ಆ ಮೇರೆಯ ಸ್ಥಾನವನ್ನು 2005 ಆಕ್ರಮಿಸಿತು. ಆ ವರ್ಷದ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಜಗತ್ತಿಗೆಲ್ಲ ಗೊತ್ತು. ಅದೇ ದಿನಗಳಲ್ಲಿ ಸಹ್ಯಾದ್ರಿಯ ಪೂರ್ವದ ಇಳಿಜಾರಿನಲ್ಲಿಯೂ ಎಡೆಬಿಡದ ಮಳೆಯಾಗಿ ಕೃಷ್ಣಾ ಮತ್ತು ಪಂಚಗಂಗಾ ಕಣಿವೆಗಳು ಜಲಾವೃತವಾದವು. ಆ ವರ್ಷದ ಸುದ್ದಿಯಲ್ಲಿ ಮುಂಬಯಿ ದೊಡ್ಡದಾಗಿ, ಸಾಂಗಲಿ-ಕೊಲ್ಹಾಪುರಗಳು ಅದರ ನೆರಳಿನಲ್ಲಿ ಉಳಿದವು.

ಕೊಲ್ಹಾಪುರದಲ್ಲಿ ಹೊಳೆಯ ನೀರು ನಗರಕ್ಕೆ ಬರುವುದು ಎದುರಿನಿಂದ ಮಾತ್ರವಲ್ಲ. ನಗರದ ಕೊಳಚೆಯನ್ನು ಹೊಳೆಗೆ ಒಯ್ಯುವ ಜಯಂತಿ ನಾಲೆಯು ಹೊಳೆ ಏರಿದಾಗ ಹಿಮ್ಮುಖವಾಗಿ ತುಂಬಿಕೊಳ್ಳುತ್ತದೆ. ಸುತಾರವಾಡಾ, ದುಧಾಳಿ, ಶಾಹುಪುರಿಯ ತಗ್ಗುಗಳು, ನಾಗಾಳಾ ಪಾರ್ಕಿನ ಅಂಚುಗಳು ಮೊದಲು ಮುಳುಗುವ ತಾಣಗಳು. ನಗರದ ಹೊರಗೆ ಆಂಬೇವಾಡಿ, ಪ್ರಯಾಗ ಚಿಖಲಿಗಳು ನಡುಗಡ್ಡೆಗಳಾಗುತ್ತವೆ. ಶಿರೋಳಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ನೀರು ಹರಿದು ವಾಹನಗಳ ಸಾಲು ಎರಡೂ ಕಡೆ ನಿಂತುಬಿಡುತ್ತದೆ. 2005ರಲ್ಲಿ ಇವೆಲ್ಲವೂ ನಡೆದವು. ಶಿರೋಳ ತಾಲೂಕಿನ ನದಿಪಾತ್ರದ ಹಳ್ಳಿಗಳಲ್ಲಿ ಕಬ್ಬು ವಾರಗಟ್ಟಲೆ ನೀರಿನಡಿ ನಿಂತು ಸುಳಿ ಕೊಳೆಯಿತು. ಬಣವೆಗಳು ತೇಲಿಹೋದವು, ದನಗಳಿಗೆ ಕಣಿಕೆಯಿಲ್ಲದಾಯಿತು. ಮಣ್ಣಿನ ಗೋಡೆಯ ಮನೆಗಳು ನೀರು ಏರುವಾಗ ನಿಂತು, ಇಳಿದ ಮೇಲೆ ಬಿಸಿಲಿಗೆ ಬಿರುಕೊಡೆದು ಕುಸಿದವು. ಪೂರದ ಹಾನಿಯ ಲೆಕ್ಕದಲ್ಲಿ ಈ ತಡವಾದ ಕುಸಿತ ಹಲವು ಬಾರಿ ಸೇರುವುದೇ ಇಲ್ಲ.

ಇಳಿದ ನೀರು ಗೋಡೆಗಳ ಮೇಲೆ ಒಂದು ಗೆರೆ ಬಿಟ್ಟುಹೋಯಿತು. ಕೆಲವರು ಅದನ್ನು ಸುಣ್ಣದಿಂದ ಅಳಿಸಿದರು, ಕೆಲವರು ಬಣ್ಣದಿಂದ ಗುರುತಿಟ್ಟರು. ಗುರುತಿಟ್ಟವರ ಪಾಲಿಗೆ 2005 ಒಂದು ವರ್ಷವಾಗಿ ಉಳಿಯದೆ ಎತ್ತರವಾಯಿತು.

6. ನೆನಪು ಮೋಸಗೊಳಿಸಿದ ಬಗೆ

2019ರ ಆಗಸ್ಟ್ ಮೊದಲ ವಾರದಲ್ಲಿ ಹೊಳೆ ಮತ್ತೆ ಏರತೊಡಗಿದಾಗ ದಡದ ಜನ ಆ ಎತ್ತರವನ್ನೇ ನೋಡಿದರು. 2005ರಲ್ಲಿ ಹೊಸ್ತಿಲು ದಾಟದ ನೀರು ಈಗಲೂ ದಾಟಲಾರದು, 2005ರಲ್ಲಿ ಮಾಳಿಗೆಗೆ ಬಾರದ ನೀರು ಈಗಲೂ ಬಾರದು ಎಂಬ ನಂಬಿಕೆಯಿಂದ ಅನೇಕರು ಸಾಮಾನನ್ನು ಮೇಲಿನ ಅಟ್ಟಕ್ಕೆ ಏರಿಸಿ ಮನೆಯಲ್ಲಿಯೇ ಉಳಿದರು. ರಾಜಾರಾಮ ಬಂಧಾರಾದಲ್ಲಿ ನೀರು 55 ಅಡಿ 7 ಅಂಗುಲಕ್ಕೆ ಮುಟ್ಟಿತು. ಅಪಾಯದ ಮಟ್ಟಕ್ಕಿಂತ 12 ಅಡಿಗೂ ಹೆಚ್ಚು. 2005ರ ಗೆರೆಗಳು ನೀರಿನೊಳಗೆ ಮರೆಯಾದವು. ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಕೊಲ್ಹಾಪುರಕ್ಕೆ ಹಾಲು, ಪೆಟ್ರೋಲು, ಕುಡಿಯುವ ನೀರಿನ ಕೊರತೆಯಾಯಿತು. ಸೈನ್ಯ, ನೌಕಾಪಡೆ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳು ದೋಣಿಗಳಲ್ಲಿ ಜನರನ್ನು ಹೊರತರಬೇಕಾಯಿತು. ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಊರವರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹೆಂಗಸರು ಮಕ್ಕಳು ಸೇರಿ ಹಲವರು ಜೀವ ಕಳೆದುಕೊಂಡರು.

ಎರಡೇ ವರ್ಷಗಳ ನಂತರ, 2021ರ ಜುಲೈ ಕೊನೆಯ ವಾರದಲ್ಲಿ ಅದೇ ಬಂಧಾರಾದಲ್ಲಿ ನೀರು 56 ಅಡಿಯನ್ನೂ ಮೀರಿತು. ಆದರೆ ಈ ಬಾರಿ ಜನರ ಕಣ್ಣ ಮುಂದೆ ಇದ್ದದ್ದು 2019ರ ಎತ್ತರ. ಅನೇಕರು ಮೊದಲೇ ದನಕರುಗಳೊಂದಿಗೆ ಊರು ಬಿಟ್ಟರು. ಈ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಐತಿಹಾಸಿಕ ಪಾಠ ಹೊಳೆಯುತ್ತದೆ. ಸಮೀಪದ ನೆನಪು ಕಾಯುತ್ತದೆ. ದೂರದ, ಒಂಟಿಯಾದ ನೆನಪು ಮೋಸಗೊಳಿಸಬಹುದು. ಒಂದೇ ಪೂರವನ್ನು ಗರಿಷ್ಠವೆಂದು ನಂಬಿದ ಸಮಾಜವು ಅದಕ್ಕಿಂತ ದೊಡ್ಡದನ್ನು ಊಹಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೀರಾವರಿ ಇಲಾಖೆಯು ನಕ್ಷೆಯಲ್ಲಿ ಎಳೆಯುವ ನೀಲಿ ರೇಖೆಯು 25 ವರ್ಷಕ್ಕೊಮ್ಮೆ ಬರಬಹುದಾದ ಪೂರವನ್ನೂ ಕೆಂಪು ರೇಖೆಯು 100 ವರ್ಷಕ್ಕೊಮ್ಮೆ ಬರಬಹುದಾದುದನ್ನೂ ಸೂಚಿಸುತ್ತವೆ. ಆದರೆ ಮನುಷ್ಯನ ನೆನಪಿಗೆ ಅಷ್ಟು ಆಯುಷ್ಯವಿಲ್ಲ. ಒಂದು ತಲೆಮಾರಿಗೆ ತಿಳಿದಿರುವುದು ಹೆಚ್ಚೆಂದರೆ ನೀಲಿ ರೇಖೆ. ಕೆಂಪು ರೇಖೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ಇತಿಹಾಸದ ಹೊಣೆ.

7. ಇಚಲಕರಂಜಿ: ಮಗ್ಗದ ಊರಿನ ಹೊಳೆ

ಘೋರ್ಪಡೆ ಮನೆತನದ ಜಹಗೀರಾಗಿದ್ದ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ವಿದ್ಯುತ್ ಮಗ್ಗವನ್ನು ಸ್ಥಾಪಿಸಿದರು. ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ಊರು ಜವಳಿಯ ಕೇಂದ್ರವಾಗಿ ಬೆಳೆಯಿತು. ರಬಕವಿ, ಬನಹಟ್ಟಿ ಮತ್ತಿತರ ನೇಕಾರಿಕೆಯ ಊರುಗಳೊಂದಿಗೆ ಈ ಊರಿಗೆ ನೂಲಿನ ನಂಟು ಹಳೆಯದು. ದುಡಿಮೆಯನ್ನು ಅರಸಿ ಬಂದ ಕನ್ನಡ ಕುಟುಂಬಗಳು ಇಲ್ಲಿಯ ಮಗ್ಗ, ಸೈಜಿಂಗು, ಹಮಾಲಿ ಕೆಲಸಗಳಲ್ಲಿ ತೊಡಗಿ ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತ ಬಂದಿವೆ.

ಪೂರ ಬಂದಾಗ ಹೊಳೆಯಂಚಿನ ತಗ್ಗಿನ ಬಡಾವಣೆಗಳು ಮುಳುಗುತ್ತವೆ. ಮನೆಯೂ ಮಗ್ಗವೂ ಒಂದೇ ಸೂರಿನಡಿ ಇರುವಲ್ಲಿ ನೀರಿನ ಹೊಡೆತ ಎರಡು ಪಟ್ಟು. ನೂಲು ಸುತ್ತಿದ ಬೀಮು ಒಮ್ಮೆ ರಾಡಿಯಲ್ಲಿ ನೆನೆದರೆ ಮತ್ತೆ ಮಗ್ಗಕ್ಕೆ ಏರುವಂತಿಲ್ಲ. ಮೋಟಾರಿಗೆ ನೀರು ಹೊಕ್ಕರೆ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿಸಬೇಕು. ಕೂಲಿಗೆ ನೇಯುವವನಿಗೆ ನೂಲು ಮಾಲಕನದು, ಹಾನಿಯ ಸಂಶಯ ತನ್ನದು. ಮನೆ ಬಾಡಿಗೆಯದಾದರೆ ಮನೆಹಾನಿಯ ಪರಿಹಾರಕ್ಕೂ ದಾರಿ ಸುಲಭವಲ್ಲ.

ಈ ಊರಿಗೆ ಹೊಳೆ ತಂದ ವಿಪತ್ತು ಪೂರವೊಂದೇ ಅಲ್ಲ. 2012ರ ಬೇಸಿಗೆಯಲ್ಲಿ ಇಚಲಕರಂಜಿಯನ್ನು ಕಾಮಾಲೆಯ ಸಾಂಕ್ರಾಮಿಕ ಕಾಡಿತು. ಕಲುಷಿತ ಕುಡಿಯುವ ನೀರಿನಿಂದ ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ನಗರಗಳ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತ ಪಂಚಗಂಗೆಯು ತುಂಬಿದಾಗ ಕೊಲ್ಲುವಂತೆ ಬತ್ತಿದಾಗಲೂ ಕೊಲ್ಲಬಲ್ಲಳೆಂಬುದನ್ನು ಆ ವರ್ಷ ತೋರಿಸಿತು. ಪೂರಕ್ಕೆ ಗೋಡೆಯ ಮೇಲೆ ಗೆರೆಯಿರುತ್ತದೆ. ಸಾಂಕ್ರಾಮಿಕಕ್ಕೆ ಅಂಥ ಗುರುತೂ ಇಲ್ಲ. ಅದಕ್ಕಾಗಿಯೇ ಅದು ಬೇಗ ಮರೆತುಹೋಗುತ್ತದೆ.

8. ಗಡಹಿಂಗ್ಲಜ: ಹಿರಣ್ಯಕೇಶಿಯ ದಡ

ಗಡಹಿಂಗ್ಲಜ ತಾಲೂಕು ಕನ್ನಡ-ಮರಾಠಿಗಳು ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ನೆಲ. ಪಶ್ಚಿಮಕ್ಕೆ ಹೋದಂತೆ ಮರಾಠಿಯೂ ಪೂರ್ವಕ್ಕೆ ಸಂಕೇಶ್ವರದ ದಿಕ್ಕಿಗೆ ಬಂದಂತೆ ಕನ್ನಡವೂ ದಟ್ಟವಾಗುತ್ತವೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ ಈ ತಾಲೂಕಿನ ಕೆಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ಮಹಾರಾಷ್ಟ್ರವು ವರದಿಯನ್ನು ತಿರಸ್ಕರಿಸಿತು. ಹಳ್ಳಿಗಳು ಇದ್ದಲ್ಲಿಯೇ ಉಳಿದವು.

ಇಲ್ಲಿಯ ನದಿ ಹಿರಣ್ಯಕೇಶಿ. ಪಂಚಗಂಗೆಗಿಂತ ಚಿಕ್ಕದು, ಏರುವುದೂ ಬೇಗ, ಇಳಿಯುವುದೂ ಬೇಗ. ಅಂಬೋಲಿ ಹಾಗೂ ಆಜರಾದ ಕಡೆ ರಾತ್ರಿ ಸುರಿದ ಮಳೆ ಗಡಹಿಂಗ್ಲಜದ ಬಂಧಾರಾಗಳನ್ನು ಬೆಳಗಾಗುವುದರೊಳಗೆ ಮುಳುಗಿಸಬಲ್ಲದು. ಭಡಗಾವದ ಸೇತುವೆಯ ಮೇಲೆ ನೀರು ಬಂದರೆ ತಾಲೂಕಿನ ಒಂದು ಭಾಗ ಪೇಟೆಯಿಂದ ತುಂಡಾಗುತ್ತದೆ. ಕೊಲ್ಹಾಪುರದ ಪೂರದ ಕಥನದಲ್ಲಿ ರಾಜಾರಾಮ ಬಂಧಾರಾದ ಅಡಿ-ಅಂಗುಲಗಳೇ ತುಂಬಿರುವುದರಿಂದ ಹಿರಣ್ಯಕೇಶಿಗೆ ಅಲ್ಲಿ ಜಾಗ ಕಡಿಮೆ. ಕೆಳಗೆ ಅದರ ನೀರು ಘಟಪ್ರಭೆಯನ್ನು ಉಬ್ಬಿಸುವಾಗ ಅದು ಕರ್ನಾಟಕದ ಸುದ್ದಿಯಾಗುತ್ತದೆ. 2019ರ ಆಗಸ್ಟಿನಲ್ಲಿ ಗೋಕಾಕ ನಗರ ಮುಳುಗಿದ ಚಿತ್ರಗಳನ್ನು ಕನ್ನಡ ಪತ್ರಿಕೆಗಳು ಮುಖಪುಟದಲ್ಲಿ ಅಚ್ಚಿಸಿದವು. ಅದೇ ದಿನಗಳಲ್ಲಿ ಮೇಲಿನ ದಡದ ಕನ್ನಡ ಹಳ್ಳಿಗಳು ಬೇರೆ ರಾಜ್ಯದ, ಬೇರೆ ಭಾಷೆಯ ಪತ್ರಿಕೆಗಳ ಒಳಪುಟಕ್ಕೆ ಸೇರಿದ್ದವು.

9. ಯಾರ ನೀರು, ಯಾರ ತಪ್ಪು

2005ರಿಂದ ಈಚೆಗೆ ಪ್ರತಿ ಮಹಾಪೂರದೊಂದಿಗೆ ಒಂದು ವಾದವೂ ಏರುತ್ತದೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟು 2000ದಲ್ಲಿ ಅವಕಾಶ ನೀಡಿತು. ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಆಲಮಟ್ಟಿಯ ಹಿನ್ನೀರು ಸಾಂಗಲಿ-ಕೊಲ್ಹಾಪುರಗಳನ್ನು ಮುಳುಗಿಸುತ್ತದೆಂದು ಮೇಲಿನವರು ಹೇಳಿದರೆ, ಕೊಯ್ನಾ ಮೊದಲಾದ ಜಲಾಶಯಗಳಿಂದ ಒಮ್ಮೆಲೇ ಬಿಡುವ ನೀರು ಅಥಣಿ, ಚಿಕ್ಕೋಡಿ, ಜಮಖಂಡಿಗಳನ್ನು ಮುಳುಗಿಸುತ್ತದೆಂದು ಕೆಳಗಿನವರು ಹೇಳುತ್ತಾರೆ. 2019ರಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟಾಗಲೂ ವಾದ ತಣಿಯಲಿಲ್ಲ. ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿಯು 2020ರಲ್ಲಿ ಸಲ್ಲಿಸಿದ ವರದಿಯು 2019ರ ಪೂರಕ್ಕೆ ಆಲಮಟ್ಟಿಯನ್ನು ಹೊಣೆಯಾಗಿಸಲಿಲ್ಲ. ಅತಿಮಳೆಯತ್ತ, ನದಿಪಾತ್ರದ ಅತಿಕ್ರಮಣದತ್ತ ಅದು ಬೊಟ್ಟು ಮಾಡಿತು. ಆದರೂ ಅನುಮಾನ ಜನಮನದಲ್ಲಿ ಉಳಿದಿದೆ.

ಈ ವಾದದಲ್ಲಿ ಗಡಿಯ ಕನ್ನಡಿಗನ ನೆಲೆ ಇಕ್ಕಟ್ಟಿನದು. ಶಿರೋಳ ತಾಲೂಕಿನ ಅವನ ಹೊಲ ಮುಳುಗಿದಾಗ ಆಲಮಟ್ಟಿಯನ್ನು ದೂರುವ ನೆರೆಯವನ ಸಂಕಟ ಅವನದೂ ಹೌದು. ಹೊಳೆಯಾಚೆಯ ಅವನ ಬೀಗರ ಹೊಲ ಮುಳುಗಿದಾಗ ಕೊಯ್ನಾವನ್ನು ದೂರುವ ಮಾತೂ ಅವನಿಗೆ ಅರ್ಥವಾಗುತ್ತದೆ. ಎರಡೂ ಭಾಷೆಗಳಲ್ಲಿ ದೂರನ್ನು ಕೇಳಿಸಿಕೊಳ್ಳಬಲ್ಲವನೇ ಎರಡೂ ಕಡೆಯ ಸಾಕ್ಷಿಯಾಗಬಲ್ಲ. ದುರ್ದೈವದಿಂದ ಎರಡು ಸರಕಾರಗಳ ಕಡತಗಳಲ್ಲಿಯೂ ಅವನ ಸಾಕ್ಷ್ಯ ದಾಖಲಾಗಿಲ್ಲ.

10. ಹೊಳೆಗೆ ಬಾಗಿನ, ಹೊಳೆಯ ಮಾತು

ಪೂರವನ್ನು ಹಾನಿಯೆಂದಷ್ಟೇ ನೋಡಿದರೆ ಈ ನಾಡಿನ ಅನುಭವ ಅರ್ಧವೇ ದೊರೆತಂತೆ. ನರಸೋಬವಾಡಿಯ ದತ್ತಮಂದಿರದಲ್ಲಿ ನೀರು ಗರ್ಭಗುಡಿಗೆ ನುಗ್ಗಿ, ಪಾದುಕೆಗಳನ್ನು ತೊಳೆದು, ದಕ್ಷಿಣದ ಬಾಗಿಲಿನಿಂದ ಹೊರಬೀಳುವ ದಿನ ‘ದಕ್ಷಿಣದ್ವಾರ ಸೋಹಳಾ’ ಎಂಬ ಉತ್ಸವ. ಆ ನೀರಿನಲ್ಲಿ ಮೀಯಲು ಎರಡೂ ರಾಜ್ಯಗಳ ಭಕ್ತರು ಸೇರುತ್ತಾರೆ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ಜಾಗಕ್ಕೆ ಒಯ್ಯುತ್ತಾರೆ. ದೇವರೂ ಊರು ಬಿಡುತ್ತಾನೆ, ನೀರು ಇಳಿದ ಮೇಲೆ ಮರಳುತ್ತಾನೆ. ಹೊಳೆ ಬರುವುದು ಲೋಕದ ಕ್ರಮ, ಅದಕ್ಕೆ ದಾರಿ ಬಿಟ್ಟು ಸರಿಯುವುದು ಮನುಷ್ಯನ ಕ್ರಮ ಎಂಬ ತಿಳಿವಳಿಕೆ ಈ ಆಚರಣೆಯಲ್ಲಿದೆ. ನದಿಪಾತ್ರದಲ್ಲಿ ಮಣ್ಣು ತುಂಬಿ ಕಟ್ಟಡವೆಬ್ಬಿಸಿದವರು ಕೈಬಿಟ್ಟದ್ದು ಈ ತಿಳಿವಳಿಕೆಯನ್ನು.

ಮಾತಿನಲ್ಲಿಯೂ ಇದೇ ವ್ಯತ್ಯಾಸ. ಪತ್ರಿಕೆಗಳ ಕನ್ನಡದಲ್ಲಿ ‘ನೆರೆ’, ‘ಪ್ರವಾಹ’. ಸರಕಾರಿ ಮರಾಠಿಯಲ್ಲಿ ‘ಪೂರಪರಿಸ್ಥಿತಿ’. ಈ ಭಾಗದ ಮನೆಮಾತಿನಲ್ಲಿ ‘ಹೊಳಿ ಬಂತು’. ಬಂದದ್ದು ಹೊಳೆ, ವಿಪತ್ತಲ್ಲ. ಬಂದವಳು ಹೋಗುವಳು, ಬರುವಾಗ ಹೊಲಕ್ಕೆ ಹೊಸ ಮಣ್ಣನ್ನೂ ತರುವಳು ಎಂಬ ಭಾವ ಆ ಎರಡು ಪದಗಳಲ್ಲಿದೆ. ‘ಹೊಳಿ ಇಳೀತು’, ‘ಹೊಳಿ ನಿಂತೈತಿ’, ‘ಹೊಳಿ ಸರದೈತಿ’ ಎಂದು ಏರಿಳಿತದ ಪ್ರತಿ ಹಂತಕ್ಕೂ ಮಾತುಗಳಿವೆ. ಇವು ಕಾವ್ಯಕ್ಕಾಗಿ ಹುಟ್ಟಿದ ನುಡಿಗಳಲ್ಲ, ಬದುಕುಳಿಯಲು ಬಳಸಿದ ನುಡಿಗಳು. ಈ ಮಾತುಗಳನ್ನು ಆಡುವ ತಲೆಮಾರು ಸರಿದುಹೋದಂತೆ ಅವುಗಳೊಳಗಿನ ಅಳತೆಯೂ ಸರಿದುಹೋಗುತ್ತದೆ.

11. ಉಪಸಂಹಾರ

ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಚರ್ಚೆಯು ನಮ್ಮಲ್ಲಿ ಬಹುಮಟ್ಟಿಗೆ ಶಾಲೆ, ಪಠ್ಯಪುಸ್ತಕ, ಫಲಕಗಳ ಸುತ್ತ ನಡೆಯುತ್ತದೆ. ಪೂರದ ರಾತ್ರಿ ಈ ಚರ್ಚೆಗೆ ಬೇರೆಯೇ ತೂಕ ಬರುತ್ತದೆ. ಊರು ಬಿಡಬೇಕೆಂಬ ಸೂಚನೆ, ಪಂಚನಾಮೆಯ ಒಕ್ಕಣೆ, ಪರಿಹಾರದ ಅರ್ಜಿ ಇವೆಲ್ಲ ಮರಾಠಿಯಲ್ಲಿರುತ್ತವೆ. ಎರಡೂ ಭಾಷೆ ಬಲ್ಲ ಯುವಕರಿಗೆ ಇದು ತೊಡಕಲ್ಲ. ಮನೆಯಲ್ಲಿ ಒಬ್ಬಳೇ ಇರುವ, ಕನ್ನಡವನ್ನಷ್ಟೇ ಬಲ್ಲ ಮುದುಕಿಗೆ ಇದು ತೊಡಕು. ಸಂವಿಧಾನದ 350ನೆಯ ವಿಧಿಯು ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ನಿವೇದಿಸಿಕೊಳ್ಳುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರ ಕೇಂದ್ರ ಸರಕಾರದ ಜ್ಞಾಪನಪತ್ರವು ಶೇ 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿರುವ ತಾಲೂಕು, ಪಟ್ಟಣಗಳಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಯುಕ್ತವೆಂದು ಹೇಳಿದೆ. ಪೂರದ ಮುನ್ನೆಚ್ಚರಿಕೆಗಿಂತ ಮುಖ್ಯವಾದ ಪ್ರಕಟಣೆ ಬೇರೊಂದಿಲ್ಲ. ಗಡಿಯ ಈಚೆ ಕನ್ನಡಿಗರು ಮಹಾರಾಷ್ಟ್ರದಲ್ಲಿ ಕೇಳುವ ಈ ಸೌಲಭ್ಯವನ್ನು ಗಡಿಯ ಆಚೆ ಮರಾಠಿಗರಿಗೂ ಕರ್ನಾಟಕವು ಕೊಡಬೇಕಾಗುತ್ತದೆ. ಹೊಳೆಯ ಮುಂದೆ ಇಬ್ಬರ ಬೇಡಿಕೆಯೂ ಒಂದೇ.

ಇದರೊಂದಿಗೆ ಸಂಶೋಧಕರು ತಡಮಾಡದೆ ಕೈಗೊಳ್ಳಬೇಕಾದ ಕೆಲಸಗಳಿವೆ. ಗುಡಿ, ಮಸೀದಿ, ಬಸದಿ, ಶಾಲೆ, ವಾಡೆಗಳ ಗೋಡೆಗಳ ಮೇಲಿರುವ 1989, 2005, 2019, 2021ರ ಪೂರದ ಗುರುತುಗಳನ್ನು ಅಳಿಯುವ ಮುನ್ನ ಊರೂರಿಗೆ ಹೋಗಿ ಅಳೆದು ದಾಖಲಿಸಬೇಕು. 1989ರ ಪೂರವನ್ನು ಪ್ರಾಯದಲ್ಲಿ ಕಂಡವರು ಈಗ ಅರುವತ್ತು ದಾಟಿದ್ದಾರೆ. ಅವರ ಮಾತನ್ನು ಅವರದೇ ಕನ್ನಡದಲ್ಲಿ ಧ್ವನಿಮುದ್ರಿಸಬೇಕು. ಮರಾಠಿ ಪತ್ರಿಕೆಗಳ ಮತ್ತು ಕನ್ನಡ ಪತ್ರಿಕೆಗಳ ಅದೇ ದಿನದ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಹೊಳೆ, ಹಳ್ಳ, ಕೂಡಲ, ನಡುಗಡ್ಡೆಗಳನ್ನು ಸೂಚಿಸುವ ಸ್ಥಳನಾಮಗಳನ್ನು ನೀಲಿ-ಕೆಂಪು ರೇಖೆಗಳ ನಕ್ಷೆಯೊಂದಿಗೆ ಹೋಲಿಸಿದರೆ, ಹಿಂದಿನವರು ಯಾವ ನೆಲವನ್ನು ನೀರಿಗೆ ಬಿಟ್ಟಿದ್ದರೆಂಬುದು ತಿಳಿದೀತು.

2005ನ್ನು ಮಾತ್ರ ನೆನೆದವರನ್ನು 2019 ವಂಚಿಸಿತು. 2019ನ್ನು ಮಾತ್ರ ನೆನೆಯುವವರನ್ನು ಮುಂದೊಂದು ವರ್ಷ ವಂಚಿಸಬಹುದು. ಪೂರಗಳ ಸರಣಿಯನ್ನು, ಏರಿದ್ದನ್ನೂ ಇಳಿದದ್ದನ್ನೂ, ಎರಡು ದಡಗಳ ಮಾತಿನಲ್ಲಿ ಪೂರ್ತಿಯಾಗಿ ಬರೆದಿಡುವುದೇ ಇದಕ್ಕೆ ಪರಿಹಾರ. ಅಮೋಘವರ್ಷನ ಕಾಲದ ತಾಮ್ರಪಟವು ಬಿಟ್ಟುಬಿಟ್ಟ ವಿವರವನ್ನು ನಮ್ಮ ಕಾಲದ ದಾಖಲೆಯೂ ಬಿಟ್ಟುಬಿಡಬಾರದು.